ಗಾಳಿಯ ಬಿಸಿ, ನೆಲದ ಬಿಸಿ

ಯರ್ರಿಸ್ವಾಮಿ, ಮೊದಲು ನೀನು ಕೇಳು. ನಿನ್ನೆ ಈ ಮನೆಮಂದಿಯ ಗುಂಪಿನಲ್ಲಿ 'ಭಾವಗ ಮರೆವು ಶುರುವಾಗೇತಿ, ಅವರ ಮಾತು ಯಾರೂ ಮನಸಿಗಿ ಹಚ್ಚಿಕೋಬ್ಯಾಡ್ರಿ' ಅಂತ ಬರೆದು ಕೆಳಗೆ ಕೈಮುಗಿದ ಚಿತ್ರ ಹಾಕಿದೆಯಲ್ಲ, ಆ ಕೈ ಬಿಡಿಸಿ ಫೋನನ್ನು ಕಿವಿಗೆ ಹಿಡಿ. ಅದಕ್ಕೆ ಹೆಬ್ಬೆರಳು ಎತ್ತಿದ ಹನ್ನೊಂದು ಮಂದಿಯೂ ಕೇಳಿ. ಯಾರು ಯಾರು ಎತ್ತಿದ್ದೀರಿ ನೋಡಿಟ್ಟುಕೊಂಡಿದ್ದೇನೆ.

ನನಗೆ ಮರೆವಂತೆ! ಎಪ್ಪತ್ತಮೂರು ವರ್ಷ ಆಗಿದೆ, ನಿಜ. ಮೊಣಕಾಲು ಹೋಗಿದೆ, ನಿಜ. ಕುರುಗೋಡು ರಸ್ತೆಯ ಹ್ಯಾಚರಿಯಲ್ಲಿ ಮೂವತ್ತನಾಲ್ಕು ವರ್ಷ ಮೊಟ್ಟೆಗೆ ಕಾವು ಕೊಡುವ ಯಂತ್ರ ನೋಡಿಕೊಂಡವನು ನಾನು. ತೊಂಬತ್ತೊಂದರ ಏಪ್ರಿಲ್‌ನಲ್ಲಿ ಎರಡನೇ ಯಂತ್ರದ ಬೆಲ್ಟ್ ಹರಿದದ್ದು ಮಧ್ಯಾಹ್ನ ಎರಡೂ ಇಪ್ಪತ್ತಕ್ಕೆ. ಯರ್ರಿಸ್ವಾಮಿ, ನಿನ್ನ ಮದುವೆಯಲ್ಲಿ ನೀನು ಕಳೆದುಕೊಂಡದ್ದು ಎಡಗಾಲಿನ ಚಪ್ಪಲಿ. ಬಲಗಾಲಿನದನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಹತ್ತಿರ ಬಂದು ಅತ್ತೆ. ಇನ್ನೂ ಬೇಕೇ?

ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಚೈತ್ರಾ ಹಾವು ಸುಟ್ಟು ಕೊಂದಳು, ಸ್ವಿಚ್ ಹಾಕಿಟ್ಟು ಕ್ಯಾಂಪಿಗೆ ಹೋದಳು ಅಂತ ನೀವು ಊರೂರಿಗೆ ಕಳಿಸಿದಿರಲ್ಲ, ಅದು ಸುಳ್ಳು. ಶುದ್ಧ ಸುಳ್ಳು. ಸುಟ್ಟವನು ನಾನು. ಇದನ್ನೇ ನಿನ್ನೆ ಗುಂಪಿನಲ್ಲಿ ಬರೆದೆ, ನೀವು ನನ್ನ ತಲೆ ಸರಿಯಿಲ್ಲ ಅಂದಿರಿ. ಬರೆದರೆ ನಂಬುವುದಿಲ್ಲ, ಅದಕ್ಕೇ ಮಾತಾಡುತ್ತಿದ್ದೇನೆ. ಪೂರ್ತಿ ಕೇಳದೆ ಯಾರೂ ಉತ್ತರ ಬರೆಯಬೇಡಿ.

ದೂರದವರಿಗೆ ಗೊತ್ತಿರಲಿಕ್ಕಿಲ್ಲ. ಚೈತ್ರಾ ನನ್ನ ಮಗಳು ನಾಗಲಕ್ಷ್ಮಿಯ ಮಗಳು. ಆಸ್ಪತ್ರೆಯೊಂದರ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸತ್ಯನಾರಾಯಣಪೇಟೆಯ ಒಂದೇ ಮನೆಯಲ್ಲಿ ನಾವು ಮೂವರೂ ಇದ್ದೇವೆ. ಅವಳ ಹತ್ತಿರ ಮೂರು ಹಾವು ಇದ್ದವು. ನಮ್ಮ ಹೊಲದ ಹಾವಲ್ಲ, ಅದನ್ನು ಸಾಕಿದರೆ ಜೈಲು. ಇವು ಆಫ್ರಿಕಾ ಕಡೆಯ ಸಣ್ಣ ಹೆಬ್ಬಾವು, ಬಾಲ್ ಪೈಥಾನ್ ಅಂತಾರೆ. ವಿಷ ಇಲ್ಲ. ಹೆದರಿದರೆ ಕಚ್ಚುವ ಬದಲು ತಲೆ ಒಳಗಿಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತವೆ. ಮೂರಕ್ಕೂ ಸರ್ಕಾರದ ನೋಂದಣಿ ಕಾಗದ ಇದೆ. ಬಣ್ಣ ನೋಡಿ ಹೆಸರಿಟ್ಟಿದ್ದಳು: ರಾಗಿ, ಜೋಳ, ಬೆಲ್ಲ. ಬೆಲ್ಲ ಎಲ್ಲಕ್ಕಿಂತ ಹಳೆಯದು, ಅವಳ ಮೊದಲ ಸಂಬಳದಲ್ಲಿ ತಂದದ್ದು.

ಮೊದಲು ಮೂರೂ ಗಾಜಿನ ಪೆಟ್ಟಿಗೆಯಲ್ಲಿದ್ದವು, ಮೇಲೊಂದು ಬಲ್ಬು. ಬೇಸಿಗೆಯಲ್ಲಿ ನಮ್ಮ ಬಳ್ಳಾರಿಯಲ್ಲಿ ಯಾವ ಪ್ರಾಣಿಗೂ ಬಿಸಿ ಬೇಕಾಗುವುದಿಲ್ಲ. ಡಿಸೆಂಬರ್ ಬೆಳಗಿನ ಥಂಡಿಗೆ ಆ ಬಲ್ಬು ಸಾಲಲಿಲ್ಲ. ಬೆಲ್ಲ ಮೂರು ವಾರ ಇಲಿ ಮುಟ್ಟಲಿಲ್ಲ. ಅದಕ್ಕೇ ಚೈತ್ರಾ ರ್‍ಯಾಕ್ ಮಾಡಿಸೋಣ ಅಂದಳು. ಬೀರುವಿನ ಖಾನೆಯ ಹಾಗೆ ಒಂದರ ಮೇಲೊಂದು ಮೂರು ಪ್ಲಾಸ್ಟಿಕ್ ಟಬ್ಬು, ಎಳೆದರೆ ಹೊರಗೆ, ನೂಕಿದರೆ ಒಳಗೆ. ಟಬ್ಬಿಗೆ ಮುಚ್ಚಳ ಇಲ್ಲ, ಮೇಲಿನ ಹಲಗೆಯೇ ಮುಚ್ಚಳ. ನಡುವೆ ಬೆರಳು ತೂರಬಾರದು, ತೂರಿದರೆ ಹಾವೂ ತೂರುತ್ತದೆ. ಗಾಳಿಗೆ ಟಬ್ಬಿನ ಪಕ್ಕದಲ್ಲಿ ಸಣ್ಣ ತೂತು.

ಹಲಗೆ ಕೆಲಸಕ್ಕೆ ಕುರುಗೋಡಿನ ಬಡಗಿ ಕರಿಬಸವನ ಹತ್ತಿರ ಹೋದೆವು. ಜೀನ್ಸ್ ಹೊಲಿಯುವ ಯೂನಿಟ್‌ಗಳಿಗೆ ಬಟ್ಟೆ ಇಡುವ ರ್‍ಯಾಕ್ ಮಾಡಿ ಮಾಡಿ ಅವನ ಕೈ ಪಳಗಿದೆ. ಯಾವುದಕ್ಕೆ ಅಂತ ಹೇಳಿದ ಕೂಡಲೇ ಅಳತೆ ಪಟ್ಟಿ ಕೆಳಗಿಟ್ಟ.

"ಏನಣ್ಣಾ, ಬಳ್ಳಾರಿಯಾಗ ಹಾವಿಗಿ ಬಿಸಿ ಮಾಡಾಕ ಕರೆಂಟು ಬೇಕೇನು? ಮೇ ತಿಂಗಳ ತನಕ ತಡೀರಿ, ಮಾಳಿಗಿ ಮ್ಯಾಲೆ ಇಟ್ರ ಹಪ್ಪಳ ಆಗತಾವ."

"ನಿನ್ನ ನಾಲಿಗಿ ಮೊದಲು ಮಾಳಿಗಿ ಮ್ಯಾಲೆ ಒಣಗಸ್ತೀನಿ. ಅಳತಿ ತಗೊಳ್ಳಲೇ," ಅಂದೆ.

ಚೈತ್ರಾ ನೆಲದ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ತೋರಿಸಿದಳು. ಹಲಗೆಯ ಹಿಂದಿನ ಮೂರನೇ ಒಂದು ಪಾಲಿನಲ್ಲಿ ಮಾತ್ರ ಸೀಳು ಕೊರೆದು ಬಿಸಿಯಾಗುವ ವಯರ್ ಕೂರಿಸಬೇಕು. ಮುಂದಿನ ಎರಡು ಪಾಲು ಖಾಲಿ. ಬಿಸಿ ಅಳೆಯುವ ಸೆನ್ಸರನ್ನು ವಯರಿಗೆ ತಾಗುವ ಹಾಗೆ, ಟಬ್ಬಿನ ತಳದ ಕೆಳಗೆ ಅಂಟಿಸಬೇಕು. ಅದು ಹೇಳಿದ ಹಾಗೆ ಥರ್ಮೋಸ್ಟಾಟ್ ಕರೆಂಟು ಕೊಡುತ್ತದೆ, ಕಡಿಯುತ್ತದೆ. ಎಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಕರಿಬಸವನಿಗೂ ಅರ್ಥವಾಯಿತು. ಅರ್ಥವಾಗದೆ ಉಳಿದವನು ನಾನೊಬ್ಬನೇ.

"ಹಿಂದ ಬಿಸಿ, ಮುಂದ ತಣ್ಣಗ? ಇದ್ಯಾವ ನ್ಯಾಯ ಯವ್ವಾ? ಅರ್ಧ ಬೆಂದ ಅನ್ನ ಇದ್ದಂಗ ಆತು," ಅಂದೆ.

"ತಾತ, ಇದು ಮರಿ ಮಾಡೋ ಪೆಟ್ಟಿಗಿ ಅಲ್ಲ. ಹಾವಿನ ಮೈಯಾಗ ತನ್ನ ಬಿಸಿ ಅನ್ನೋದು ಇಲ್ಲ. ಬೇಕಾದಾಗ ಹಿಂದಕ ಹೋಗತಾವ, ಸಾಕಾದಾಗ ಮುಂದಕ ಬರತಾವ. ಎಲ್ಲಾ ಕಡಿ ಒಂದೇ ಬಿಸಿ ಇದ್ರ ಎಲ್ಲಿಗಿ ಹೋಗಬೇಕು ಅವು?"

"ಸರಿಯಾದ ಬಿಸಿ ಕೊಟ್ರ ಎಲ್ಲಿಗೂ ಹೋಗೋ ಗರಜೇ ಬೀಳಂಗಿಲ್ಲ," ಅಂದೆ ನಾನು. ಹೌದು, ಇದೇ ಮಾತು. ಕರಿಬಸವನನ್ನು ಕೇಳಿ.

ನನ್ನ ಸೊಕ್ಕು ಎಂಥದು ಅಂತ ನಿಮಗೆ ಗೊತ್ತಾಗಬೇಕು. ಹ್ಯಾಚರಿಯಲ್ಲಿ ಮೂವತ್ತೇಳೂವರೆ ಡಿಗ್ರಿ. ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ, ಹಿಂದಕ್ಕೂ ಮುಂದಕ್ಕೂ ಕಾಲು ಡಿಗ್ರಿ ವ್ಯತ್ಯಾಸ ಬಂದರೆ ನನ್ನ ಮಾನ ಹೋಯಿತು ಅಂತ. ನನ್ನ ಪಾಳಿಯಲ್ಲಿ ಬರುತ್ತಿರಲಿಲ್ಲ. ಅದಕ್ಕೇ ಕುರುಗೋಡಿನ ಸುತ್ತ ನನಗೆ ಮಷಿನ್ ಗಾದಿಲಿಂಗಪ್ಪ ಅನ್ನುವ ಹೆಸರು. ಆ ಹೆಸರಿನವನಿಗೆ ಇಪ್ಪತ್ತಾರು ವರ್ಷದ ಹುಡುಗಿ ಬಿಸಿಯ ಪಾಠ ಹೇಳುವುದೇ?

ರ್‍ಯಾಕ್ ಮನೆಗೆ ಬಂತು. ಅದೇ ವಾರ ಚೈತ್ರಾಳಿಗೆ ಸಿರುಗುಪ್ಪದಲ್ಲಿ ಮೂರು ದಿನದ ರಕ್ತ ತಪಾಸಣೆ ಕ್ಯಾಂಪು, ಬುಧವಾರದಿಂದ ಶುಕ್ರವಾರ, ಅಲ್ಲೇ ವಸತಿ. ಹೋಗುವಾಗ ವಯರು, ಸೆನ್ಸರು, ಅಂಟಿಸುವ ಬೆಳ್ಳಿ ಟೇಪು ನನ್ನ ಮುಂದಿಟ್ಟಳು.

"ತಾತ, ನಾ ಹೇಳಿದಂಗ ಕೂಡಿಸು. ಮೂರು ದಿನ ಖಾಲಿನೇ ಓಡಲಿ. ಹಾವು ಮಾತ್ರ ಹಾಕಬ್ಯಾಡ. ನಾ ಬಂದು ಕೈಯಿಟ್ಟು ನೋಡೇ ಹಾಕೋದು."

"ಹೋಗವ್ವಾ, ನೀ ಹುಟ್ಟೋಕಿಂತ ಮೊದಲು ನಾ ಲಕ್ಷ ಮರಿ ಎಬ್ಬಿಸೀನಿ," ಅಂದೆ.

ಅವಳ ಆಟೋ ಬೀದಿ ದಾಟಿತೋ ಇಲ್ಲವೋ, ಉಳಿ ತಂದು ಸೀಳನ್ನು ಮುಂದಿನ ತನಕ ಉದ್ದ ಮಾಡಿದೆ. ವಯರನ್ನು ಹಿಂದಿನಿಂದ ಮುಂದಿನವರೆಗೆ ಹಾವು ಹರಿದಾಡಿದ ಹಾಗೆ ಸುತ್ತಿ ಸುತ್ತಿ ಕೂರಿಸಿದೆ. ಹಿಂಬದಿಗೆ ಥರ್ಮಾಕೋಲ್ ಬಡಿದೆ. ಗಾಳಿ ತಿರುಗಲಿ ಅಂತ ಹಳೆಯ ಕಂಪ್ಯೂಟರಿನ ಸಣ್ಣ ಫ್ಯಾನೂ ಹಾಕಿದೆ. ಸೆನ್ಸರನ್ನು ಎಲ್ಲಿಟ್ಟೆ? ನಡುವಿನ ಟಬ್ಬಿನ ಬಾಯಿಯ ಹತ್ತಿರ, ಗಾಳಿಯಲ್ಲಿ ನೇತುಬಿಟ್ಟೆ. ಹ್ಯಾಚರಿಯಲ್ಲಿ ಹಾಗೇ ಇಡುವುದು. ಮೊಟ್ಟೆ ಜಾಲಿ ತಟ್ಟೆಯ ಮೇಲೆ ಕೂತಿರುತ್ತದೆ, ಸುತ್ತಲಿನ ಗಾಳಿಯ ಬಿಸಿ ತೆಗೆದುಕೊಳ್ಳುತ್ತದೆ. ಹಾವು ನೆಲಕ್ಕೆ ಹೊಟ್ಟೆ ಕೊಟ್ಟು ಮಲಗುತ್ತದೆ. ಇಷ್ಟು ಸಣ್ಣ ಮಾತು ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಥರ್ಮೋಸ್ಟಾಟಿನಲ್ಲಿ ಮೂವತ್ತೆರಡು ಇಟ್ಟೆ. ಬುಧವಾರ ಸಂಜೆಗೆ ಹಿಂದಿನ ಗಾಳಿ ಮೂವತ್ತೆರಡು, ಮುಂದಿನ ಗಾಳಿ ಮೂವತ್ತೆರಡು. ಎದೆ ಉಬ್ಬಿತು. ಮೂರು ದಿನ ಯಾಕೆ ಕಾಯಬೇಕು? ಗುರುವಾರ ಬೆಳಿಗ್ಗೆ ಗಾಜಿನ ಪೆಟ್ಟಿಗೆಯಲ್ಲಿ ಬೆಲ್ಲ ಮುದುಡಿ ಬಿದ್ದಿತ್ತು. ಪಾಪ ಅನ್ನಿಸಿತು ಅಂತ ಹೇಳಿದರೆ ಅರ್ಧ ಸತ್ಯ. ಉಳಿದರ್ಧ, ಹುಡುಗಿ ಬರುವುದರೊಳಗೆ ಮೂರನ್ನೂ ಚುರುಕು ಮಾಡಿ ತೋರಿಸಬೇಕು ಅನ್ನುವ ಹಟ. ಒಂದೊಂದಾಗಿ ಎತ್ತಿ ಹಾಕಿದೆ. ಬೆಲ್ಲವನ್ನು ನಡುವಿನ ಟಬ್ಬಿಗೆ.

ಆ ದಿನ ನಾಗಲಕ್ಷ್ಮಿ ಜಗಲಿಯಲ್ಲಿ ಕಾಳು ಹಸನು ಮಾಡುತ್ತ ತಲೆಬಾಗಿಲು ತೆರೆದೇ ಇಟ್ಟಿದ್ದಳು. ರ್‍ಯಾಕ್ ಇದ್ದದ್ದು ಬಾಗಿಲಿನ ಎದುರಿಗೇ, ಹೊರಗಿನ ತಣ್ಣನೆಯ ಗಾಳಿ ನೇರ ಸೆನ್ಸರಿಗೆ ಹೊಡೆಯುತ್ತಿತ್ತು. ಅದು ಇನ್ನೂ ತಣ್ಣಗಿದೆ, ಇನ್ನೂ ತಣ್ಣಗಿದೆ ಅಂತ ಹೇಳುತ್ತಲೇ ಹೋಯಿತು. ಥರ್ಮೋಸ್ಟಾಟ್ ಕರೆಂಟು ಕಡಿಯಲೇ ಇಲ್ಲ. ಕೆಳಗೆ ವಯರು ಕಾಯುತ್ತಲೇ ಇತ್ತು. ಎಲ್ಲಿ ಹೋದರೂ ವಯರೇ. ಮುಂದೆ ತಣ್ಣನೆಯ ಜಾಗ ಇರಬೇಕಿತ್ತು, ಅದನ್ನು ನಾನು ಉಳಿ ಹಿಡಿದು ತೆಗೆದಿದ್ದೆ.

ಮಧ್ಯಾಹ್ನ ಮೂರು ಹಾವೂ ಓಡಾಡತೊಡಗಿದವು. ಟಬ್ಬಿನ ಗೋಡೆಗೆ ಏರುವುದು, ಮೂತಿಯಿಂದ ಸಂದಿಯನ್ನು ನೂಕುವುದು, ಜಾರಿ ಬಿದ್ದು ಮತ್ತೆ ಏರುವುದು. ನಾನು ಖುರ್ಚಿ ಹಾಕಿಕೊಂಡು ಕೂತು ನೋಡಿದೆ. ಖುಷಿಪಟ್ಟೆ! ಬೆಚ್ಚಗಾದರೆ ಕೋಳಿಮರಿಯೂ ಹೀಗೇ ಓಡಾಡುತ್ತದಲ್ಲ ಅಂದುಕೊಂಡೆ. ನಾಗಲಕ್ಷ್ಮಿಯನ್ನೂ ಕರೆದು ತೋರಿಸಿದೆ. "ನೋಡವ್ವಾ, ಮೂರು ವಾರ ಮಲಗಿದ್ದು ಹೆಂಗ ಎದ್ದಾವ," ಅಂದೆ. ಅವು ತಪ್ಪಿಸಿಕೊಳ್ಳುವುದಕ್ಕೆ ದಾರಿ ಹುಡುಕುತ್ತಿದ್ದವು.

ಶುಕ್ರವಾರ ಮಧ್ಯಾಹ್ನ ಚೈತ್ರಾ ಬಂದಳು. ಚಪ್ಪಲಿ ಬಿಡುವುದರೊಳಗೇ ವಾಸನೆ ಹಿಡಿದಳು. ನಡುವಿನ ಟಬ್ಬು ಎಳೆದಳು. ಬೆಲ್ಲ ನೀರಿನ ಬಟ್ಟಲೊಳಗೆ ಹಿಡಿಸದಷ್ಟು ಸುತ್ತಿಕೊಂಡು ಕೂತಿತ್ತು. ನೀರು ಆರಿಹೋಗಿತ್ತು. ಎತ್ತಿ ತಿರುಗಿಸಿದಳು. ಹೊಟ್ಟೆಯ ಹುರುಪೆ ಕೆಂಪಗೆ, ಅಲ್ಲಲ್ಲಿ ಬೆಳ್ಳಗೆ, ನೀರುಗುಳ್ಳೆ. ಟಬ್ಬಿನ ತಳಕ್ಕೆ ಮಾಪಕ ಇಟ್ಟಳು. ನಲವತ್ತೇಳು. ನಾನು ಪಕ್ಕದಲ್ಲೇ ನಿಂತಿದ್ದೆ. ಗಾಳಿಯನ್ನು ಮೂವತ್ತೆರಡಕ್ಕೇ ಇಟ್ಟಿದ್ದೆ ಅಂತ ಹೇಳುವುದಕ್ಕೆ ಬಾಯಿ ತೆರೆದೆ. ಹೇಳಿಯೂ ಬಿಟ್ಟೆ, ನಾಚಿಕೆಗೆಟ್ಟವನು.

ಪಶುವೈದ್ಯೆ ಶೀಲಾ ಮೇಡಂ ಮುಲಾಮು ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಚೈತ್ರಾ ದಿನಕ್ಕೆರಡು ಸಲ ಹಾವನ್ನು ತೊಡೆಯ ಮೇಲೆ ಹಾಕಿಕೊಂಡು ಹತ್ತಿಯಿಂದ ಒರೆಸಿದಳು. ರಾಗಿ, ಜೋಳ ಉಳಿದವು, ಹೊಟ್ಟೆಯ ಮೇಲೆ ಕಲೆ ಇವೆ. ಬೆಲ್ಲ ಹನ್ನೊಂದನೆಯ ದಿನ ಹೋಯಿತು.

ಇನ್ನು ನಿಮ್ಮ ಸರದಿ. ಸಂಬಂಧಿಕರು ಏನಾಯಿತು ಅಂತ ಕೇಳಿದರು. ನನ್ನ ಮಗಳು ನಾಗಲಕ್ಷ್ಮಿ ಇದೇ ಗುಂಪಿಗೆ ಧ್ವನಿ ಸಂದೇಶ ಕಳಿಸಿದಳು. "ನಮ್ಮ ಹುಡುಗಿ ಸ್ವಿಚ್ ಹಾಕಿಟ್ಟು ಕ್ಯಾಂಪಿಗಿ ಹೋಗಿದ್ಲು, ಹಾವು ಸುಟ್ಟು ಹೋತು, ಸಾಕಾತಮ್ಮಾ ಈ ಹುಚ್ಚು." ನೀವು ಅದನ್ನು ಅಲ್ಲಿಗೆ ಬಿಟ್ಟಿರಾ? ಯಾರೋ ಪುಣ್ಯಾತ್ಮ ಹಾವು ಸಾಕುವವರ ಗುಂಪಿಗೂ ದಾಟಿಸಿದ. ಅಲ್ಲಿ ನೂರಾಹತ್ತು ಮಂದಿ ಇದ್ದಾರೆ. ಅವರಲ್ಲಿ ಒಬ್ಬ ಸಿರುಗುಪ್ಪದ ಗವಿಸಿದ್ದೇಶ್, ಔಷಧಿ ಅಂಗಡಿಯವನು. ಮನೆಯಲ್ಲಿ ಮಗು ಹುಟ್ಟಿದೆ, ಜಾಗ ಸಾಲದು ಅಂತ ತನ್ನ ಎರಡು ಹೆಬ್ಬಾವನ್ನು ಚೈತ್ರಾಳಿಗೆ ಕೊಡುತ್ತೇನೆ ಅಂದಿದ್ದ. ದುಡ್ಡಿಗಲ್ಲ, ನಂಬಿಕೆಯ ಮೇಲೆ. ಮೊನ್ನೆ ಸೋಮವಾರ ಸಂದೇಶ ಬಂತು. 'ಮೇಡಂ, ನಿಮ್ಮ ವಿಷಯ ಕೇಳಿದೆ. ಬೇರೆಯವರನ್ನು ನೋಡುತ್ತೇನೆ.' ಚೈತ್ರಾ ಓದಿದಳು, ಫೋನು ಬೋರಲು ಹಾಕಿ ಟಬ್ಬು ತೊಳೆಯುತ್ತ ಕೂತಳು. ತಾತ ಮಾಡಿದ್ದು ಅಂತ ಯಾರಿಗೂ ಒಂದು ಅಕ್ಷರ ಬರೆಯಲಿಲ್ಲ.

ಅದು ನೋಡಿದ ಮೇಲೆಯೇ ನಿನ್ನೆ ಗುಂಪಿನಲ್ಲಿ 'ಮಾಡಿದ್ದು ನಾನು' ಅಂತ ಬರೆದದ್ದು. ನೀವು ನನಗೆ ಮರೆವು ಕಟ್ಟಿದಿರಿ. ಭಲೇ! ತಪ್ಪು ಒಪ್ಪಿಕೊಂಡರೆ ಮರೆವು, ಸುಮ್ಮನಿದ್ದರೆ ದೊಡ್ಡ ಮನುಷ್ಯ.

ಇವತ್ತು ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿದೆ, ಒಬ್ಬನೇ. ಗವಿಸಿದ್ದೇಶ್ ಸ್ಟೂಲು ಹಾಕಿ ಕೂರಿಸಿದ, ನೀರು ಕೊಟ್ಟ. ನಾನು ಎಲ್ಲ ಹೇಳಿದೆ. ಅವನು ಮಕ್ಕಳನ್ನು ಮಾತಾಡಿಸುವ ಹಾಗೆ ನಕ್ಕ.

"ತಾತ, ಮೊಮ್ಮಗಳ ಮ್ಯಾಲಿನ ಪ್ರೀತಿಗಿ ಹೇಳಾಕತ್ತೀರಿ. ನನಗ ಗೊತ್ತಾಗತೈತಿ. ಯಾರೋ ಹೇಳಿದ್ರು, ನಿಮಗ ಸ್ವಲ್ಪ ಮರೆವು ಅಂತ."

ಯರ್ರಿಸ್ವಾಮಿ, ನಿನ್ನ ಮಾತು ನನಗಿಂತ ಮೊದಲು ಬಸ್ಸು ಹತ್ತಿತ್ತು.

"ಪ್ರೀತಿ ಮನಿಯಾಗ ಬಿಟ್ಟು ಬಂದೀನಿ. ನೀನೂ ಈ ಕೆಲಸದಾವ. ಏನು ಕೇಳತಿ ಕೇಳಲೇ," ಅಂದೆ.

"ಸೆನ್ಸರ್ ಎಲ್ಲಿಟ್ಟಿದ್ರಿ?"

"ನಡುವಿನ ಟಬ್ಬಿನ ಬಾಯಿ ಮುಂದ, ಗಾಳಿಯಾಗ."

ಅವನ ನಗು ನಿಂತಿತು. "ವಯರ್?"

"ಹಿಂದಿಂದ ಮುಂದಿನ ತನಕ. ಒಂದೊಂದು ಹಲಗಿಗಿ ಒಂಬತ್ತು ಸುತ್ತು. ಸೀಳು ನಾನೇ ಉಳಿಯಿಂದ ಉದ್ದ ಮಾಡೀನಿ. ಕುರುಗೋಡಿನ ಬಡಗಿ ಕೊರೆದಿದ್ದು ಹಿಂದಿನ ಪಾಲು ಅಷ್ಟ."

"ನೆಲದ ಬಿಸಿ ನೋಡಲೇ ಇಲ್ಲೇನು?"

"ಮೊಟ್ಟಿಗಿ ನೆಲ ಎಲ್ಲೈತಪ್ಪಾ. ಮೂವತ್ನಾಕು ವರ್ಷ ನಾ ನೋಡಿದ್ದು ಗಾಳಿನ."

ಗವಿಸಿದ್ದೇಶ್ ಸ್ವಲ್ಪ ಹೊತ್ತು ಮಾತ್ರೆಯ ಡಬ್ಬಿ ಜೋಡಿಸಿದ. "ಇದು ಚೈತ್ರಾ ಮೇಡಂ ಮಾಡೋ ತಪ್ಪಲ್ಲ ಬಿಡ್ರಿ. ನಾ ಈಗ ನಂಬತೀನಿ," ಅಂದ. "ಆದರ ನಾನೊಬ್ಬಾವ ನಂಬಿದ್ರ ಏನು ಬಂತು? ನಾಳೆ ಆಕಿಗಿ ಕಾಯಿಲೆ ಹಾವಿಗಿ ಸಲಹೆ ಬೇಕಂದ್ರೂ ಗುಂಪಿನಾಗ ಯಾರೂ ಮಾತಾಡಂಗಿಲ್ಲ. ಎಲ್ಲಾರೂ ಕೇಳಲಿ, ನೀವ ಹೇಳ್ರಿ. ನಾ ಭಾನುವಾರ ಬಂದು ರ್‍ಯಾಕ್ ನೋಡತೀನಿ."

ಮೂರು ಗಂಟೆಗೆ ಮನೆಗೆ ಬಂದೆ. ನಾಗಲಕ್ಷ್ಮಿಯನ್ನು ಕೂಗಿ ಕೇಳಿದೆ, ಯಾಕೆ ಹಾಗೆ ಹೇಳಿದೆ ಅಂತ.

"ನಿಮ್ಮ ಹೆಸರು ಉಳಿಲಿ ಅಂತ ಹೇಳೀನಪ್ಪಾ," ಅಂದಳು. "ಮಷಿನ್ ಗಾದಿಲಿಂಗಪ್ಪ ಹಾವು ಬೇಯಿಸಿದ ಅಂತ ಕುರುಗೋಡಾಗ ಮಂದಿ ನಗಬೇಕೇನು? ಆಕಿ ಸಣ್ಣಾಕಿ. ನಾಕು ದಿನ ಅಂತಾರ, ಮರೀತಾರ."

"ನನ್ನ ಹೆಸರು ನಿನಗ ಯಾರು ಕಾಯಾಕ ಹೇಳಿದ್ರು? ಆಕಿ ಹೆಸರು ಅಡವಿಟ್ಟು ನನ್ನ ಹೆಸರಿಗಿ ಬೆಳ್ಳಿ ಕಟ್ಟು ಹಾಕತಿಯೇನು?" ಅಂತ ಕೂಗಾಡಿದೆ. ಬೀದಿಯ ಎದುರು ಮನೆಯ ವಿರೂಪಮ್ಮ ಕಿಟಕಿಗೆ ಬಂದು ನಿಂತಳು. ನಿಲ್ಲಲಿ.

ಆಗ ಒಳಗಿಂದ ಚೈತ್ರಾ ಬಂದಳು. ಕೈಯಲ್ಲಿ ಸ್ಕ್ರೂ ಡ್ರೈವರು. ನಾನು ಸುತ್ತಿದ್ದ ವಯರನ್ನು ಅವಳೇ ಬಿಚ್ಚುತ್ತಿದ್ದಳು.

"ಸಾಕು ಮಾಡ್ರಿ ಇಬ್ಬರೂ! ಅವ್ವ ಸುಳ್ಳು ಹೇಳ್ಯಾಳ, ಹೌದು. ನೀನೇನು ಹೇಳಿದಿ ತಾತ? ಗುರುವಾರ ಸಂಜಿಗಿ ಫೋನ್ ಮಾಡಿದ್ದೆನಲ್ಲ? ಹಾವು ಹಾಕಿಯೇನು ಅಂತ ಕೇಳಿದ್ದೆನಲ್ಲ?"

ಸ್ಕ್ರೂ ಡ್ರೈವರು ಇಸಿದುಕೊಳ್ಳುವುದಕ್ಕೆ ಕೈ ಚಾಚಿದೆ, ಅವಳು ಕೊಡಲಿಲ್ಲ.

"ಖಾಲಿ ಐತವ್ವಾ ಅಂದಿ. ಸೆನ್ಸರ್ ತಪ್ಪು ಯಾರಿಗಾದ್ರೂ ಆಗತೈತಿ. ಸುಳ್ಳು ಯಾಕ ಹೇಳಿದಿ? ಹಾಕೀನಿ ಅಂದಿದ್ರ ಮೊದಲು ಸ್ವಿಚ್ ತಗಿ ಅಂತಿದ್ದೆ. ಸಂಜಿ ಬಸ್ಸಿಗೇ ಬರತಿದ್ದೆ. ಬೆಲ್ಲ ಇರತಿತ್ತು!" ಅಂದಳು. ಅಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಆಗ ಜೋರಾಗಿ ಅತ್ತಳು. "ಎಲ್ಲಾರೂ ಕೂಡಿ ನಿನ್ನ ಕಾಯಬೇಕು. ನನಗ ಸಿಟ್ಟು ಬಂದೈತಿ ತಾತ. ನಿನ್ನ ಮ್ಯಾಲೆ ಬಂದೈತಿ. ಅದನ್ನ ಹೇಳಾಕೂ ಬಿಡವಲ್ರಿ ನೀವು."

ಕೇಳಿದಿರಾ? ಈ ಫೋನಿನ ಮಾತನ್ನು ನಾನು ಸಿರುಗುಪ್ಪದಲ್ಲೂ ಹೇಳಿರಲಿಲ್ಲ. ಈಗ ನಿಮಗೆ ಗುರುವಾರದ ಕಥೆ ಹೇಳುವಾಗಲೂ ಹಾರಿಸಿದೆ. ಮರೆತಿದ್ದಲ್ಲ. ಸಂಜೆ ಆರೂ ಹತ್ತಕ್ಕೆ ಫೋನು ಬಂತು. ನಾನು ಖುರ್ಚಿಯಲ್ಲಿ ಕೂತಿದ್ದೆ, ನನ್ನ ಕಣ್ಣ ಮುಂದೆ ಬೆಲ್ಲ ಗೋಡೆ ಹತ್ತಿ ಜಾರುತ್ತಿತ್ತು. ಅದನ್ನು ನೋಡುತ್ತಲೇ 'ಖಾಲಿ ಐತವ್ವಾ' ಅಂದೆ. ನಾಳೆ ಬಂದು ಬೆರಗಾಗಲಿ ಅಂತ.

ಅವಳು ಬೈದದ್ದು ಒಳ್ಳೆಯದಾಯಿತು. ಮೂರು ವಾರದಿಂದ ಈ ಮನೆಯಲ್ಲಿ ಎಲ್ಲರೂ ನನ್ನ ತಟ್ಟೆಗೆ ಮೆತ್ತಗೆ ಅನ್ನ ಬಡಿಸುತ್ತಿದ್ದರು. ಅತ್ತು ಮುಗಿಸಿ ಸ್ಕ್ರೂ ಡ್ರೈವರನ್ನು ನನ್ನ ಕಡೆ ಎಸೆದಳು. "ಆ ಥರ್ಮಾಕೋಲ್ ನೀನ ಕಿತ್ತು ಹಾಕು," ಅಂದಳು. ಕಿತ್ತೆ. ಅವಳು ಹೇಳಿದಲ್ಲಿ ವಯರು, ಹೇಳಿದಲ್ಲಿ ಸೆನ್ಸರು, ಅಂಗೈ ಇಟ್ಟು ನೋಡು ಅಂದಾಗ ಅಂಗೈ. ಹಿಂದೆ ಬೆಚ್ಚಗೆ, ಮುಂದೆ ತಣ್ಣಗೆ. ಇಷ್ಟೇ. ಇಷ್ಟಕ್ಕೆ ಒಂದು ಜೀವ ಹೋಯಿತು. ರ್‍ಯಾಕ್ ಈಗ ಖಾಲಿ ಓಡುತ್ತಿದೆ, ಶನಿವಾರದ ತನಕ ಖಾಲಿಯೇ ಓಡುತ್ತದೆ. ಭಾನುವಾರ ಗವಿಸಿದ್ದೇಶ್ ಬಂದು ಹಾವು ಕೊಡುತ್ತಾನೋ ಬಿಡುತ್ತಾನೋ ಅವನಿಷ್ಟ. ಅವನು ನೋಡಬೇಕಾದ್ದು ಅವಳ ಕೆಲಸ, ನನ್ನದಲ್ಲ.

ಈಗ ನನ್ನದೊಂದು ಕೇಳಿಕೆ. ನಾಗಲಕ್ಷ್ಮಿಯ ಆ ಮಾತನ್ನು ನೀವು ಯಾರು ಯಾರಿಗೆ ಕಳಿಸಿದ್ದೀರೋ, ಅದೇ ಮಂದಿಗೆ ಇದನ್ನೂ ಕಳಿಸಿ. ಅರ್ಧ ಅಲ್ಲ, ಪೂರ್ತಿ. ಫೋನಿನಲ್ಲಿ ಸುಳ್ಳು ಹೇಳಿದ ಭಾಗ ಕತ್ತರಿಸಬೇಡಿ. ಕೆಳಗೆ 'ಪಾಪ, ವಯಸ್ಸಾಗಿದೆ' ಅಂತ ಸೇರಿಸಬೇಡಿ. ಹಾವು ಸಾಕುವವರ ಗುಂಪಿಗೆ ದಾಟಿಸಿದ ಪುಣ್ಯಾತ್ಮ ನೀನು ಯಾರಾದರೂ ಆಗು, ಇದನ್ನೂ ಇವತ್ತೇ ದಾಟಿಸು. ಹೋದಲ್ಲೆಲ್ಲ ಚೈತ್ರಾಳ ಹೆಸರು ಹೇಳಿದ್ದಿರಿ. ಅಲ್ಲೆಲ್ಲ ಹೋಗಿ ಗಾದಿಲಿಂಗಪ್ಪ ಅನ್ನಿ.